ಪಾದದಡಿಯ ಮಣೆ

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಬಂದ ಸ್ಪೀಚ್ ಥೆರಪಿಸ್ಟ್ ನಾನು. ಎಂಟು ವರ್ಷ ಕೆಲಸ ಮಾಡಿದ ಮೇಲೆ ಇಲ್ಲಿನ ಲೆಂಡ್ (LEND) ತರಬೇತಿಗೆ ಸೇರಿದೆ. ಬೆಳವಣಿಗೆಯ ತೊಂದರೆ ಇರುವ ಮಕ್ಕಳ ಜೊತೆ ಕೆಲಸ ಮಾಡುವವರಲ್ಲಿ ಮುಂದಾಳುಗಳನ್ನು ಬೆಳೆಸಲು ಅಮೆರಿಕದ ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ತರಬೇತಿ ಇದು. ಪೂರ್ತಿ ಮುಗಿಸಲು ಕನಿಷ್ಠ 300 ಗಂಟೆ ಬೇಕು. ಮಕ್ಕಳ ಡಾಕ್ಟರು, ಫಿಸಿಯೋ, ಸೈಕಾಲಜಿಸ್ಟ್, ಸೋಷಿಯಲ್ ವರ್ಕರ್ ಎಲ್ಲ ಒಟ್ಟಿಗೇ ಕಲಿಯುತ್ತಾರೆ. ನಮ್ಮ ತಂಡದಲ್ಲಿ ಆಟಿಸಂ ಇರುವ ಹುಡುಗಿಯ ತಾಯಿಯೊಬ್ಬರಿದ್ದರು. ಸುಮ್ನೆ ಭಾಷಣಕ್ಕೆ ಕರೆದವರಲ್ಲ, ನಮ್ಮ ಹಾಗೇ ಕಲಿಯಲು ಬಂದವರು.

ಒಂದು ದಿನ ನಾಲ್ಕು ವರ್ಷದ ಹುಡುಗ ಬಂದ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಬಾರದ ಸ್ಥಿತಿ. ಇನ್ನೂ ಮಾತಿಲ್ಲ. ಟ್ಯಾಬ್ಲೆಟ್‌ನಲ್ಲಿ ಚಿತ್ರ ತೋರಿಸಿ 'ಬಾಳೆಹಣ್ಣು ಎಲ್ಲಿ?' ಎಂದೆ. ಬೆರಳು ಹತ್ತಿರ ಹೋಗಿ ಜಾರಿತು. ಮತ್ತೆ ಕೇಳಿದೆ, ಮತ್ತೆ ಜಾರಿತು. 'ಚಿತ್ರ ಗುರುತಿಸುತ್ತಿಲ್ಲ' ಎಂದು ಬರೆದುಕೊಂಡೆ. ಪಕ್ಕದಲ್ಲಿದ್ದ ಆಕ್ಯುಪೇಷನಲ್ ಥೆರಪಿಸ್ಟ್ (ಕೂರುವುದು, ತಿನ್ನುವುದು ಮುಂತಾದ ದಿನನಿತ್ಯದ ಕೆಲಸಕ್ಕೆ ನೆರವಾಗುವವರು) ಕಣ್ಣು ಮಾತ್ರ ಅವನ ಕಾಲಿನ ಮೇಲಿತ್ತು. ಪಾದ ನೆಲ ಮುಟ್ಟದೆ ಜೋಲಾಡುತ್ತಿತ್ತು. ಅವರು ಒಂದು ಮಣೆ ತಂದು ಪಾದದಡಿ ಇಟ್ಟರು, ಸೊಂಟದ ಎರಡೂ ಬದಿಗೆ ಟವೆಲ್ ಸುತ್ತಿ ಒತ್ತುಕೊಟ್ಟರು. ಮೈ ನೆಟ್ಟಗಾಯಿತು, ಕೈಗೆ ಹಿಡಿತ ಬಂತು. ಬೆರಳು ನೇರವಾಗಿ ಬಾಳೆಹಣ್ಣಿನ ಮೇಲೆ ಹೋಗಿ ಕೂತಿತು.

ಬರೆದದ್ದನ್ನು ಹೊಡೆದುಹಾಕಿದೆ. ಆ ಒಂದು ಸಾಲು ಅವನ ಶಾಲೆಗೆ ಹೋಗಿದ್ದರೆ? ಈಗಲೂ ನೆನೆದರೆ ಎದೆ ಝಲ್ಲೆನ್ನುತ್ತದೆ. ಇಷ್ಟು ವರ್ಷದಲ್ಲಿ ಇನ್ನೆಷ್ಟು ಮಕ್ಕಳ ಫೈಲಿನಲ್ಲಿ ಹೀಗೆ ಬರೆದಿದ್ದೇನೋ.

ಸಂಜೆ ವರದಿಗೆ ಕೂತೆವು. ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸ ಎಲ್ಲರದೂ ಸೇರಿ ಹನ್ನೊಂದಾಯಿತು. ಆಗ ನಮ್ಮ ತಂಡದ ಆ ತಾಯಿ ಕೇಳಿದರು: 'ಇದಕ್ಕೆಲ್ಲ ಹುಡುಗನ ಮನೆಯವರಿಗೆ ಎಷ್ಟು ಹೊತ್ತಿದೆ ಅಂತ ಯಾರಾದರೂ ಕೇಳಿದಿರಾ?' ಯಾರೂ ಕೇಳಿರಲಿಲ್ಲ. ನಾನೇ ಫೋನ್ ಮಾಡಿದೆ. ಹುಡುಗನ ಅಮ್ಮನದು ರಾತ್ರಿ ಪಾಳಿ. ಮಗನ ಜೊತೆ ನಿಧಾನವಾಗಿ ಕೂರಲು ಸಿಗುವುದು ಬೆಳಗಿನ ತಿಂಡಿ ಹೊತ್ತು ಮಾತ್ರ.

ಹನ್ನೊಂದನ್ನೂ ಬದಿಗಿಟ್ಟೆವು. ತಿಂಡಿ ಹೊತ್ತಿಗೆ ಪಾದದಡಿ ಮಣೆ, ಮುಂದೆ ಎರಡೇ ಚಿತ್ರ, ಬೇಕಾದದ್ದನ್ನು ಅವನೇ ಮುಟ್ಟಿ ಹೇಳಲಿ. ಕೂರುವುದು, ಕೈ, ಮಾತು ಎಲ್ಲ ಅದರಲ್ಲೇ ಬಂತು. ಅಷ್ಟು ಒಪ್ಪಲು ನಮಗೆ ಎರಡು ಗಂಟೆ ಹಿಡಿಯಿತು. ನಾನು ಪಟ್ಟಿಗೆ ಸೇರಿಸಿದ್ದ ನಾಲಿಗೆ-ತುಟಿಯ ಅಭ್ಯಾಸ ಬಿಟ್ಟುಕೊಡುವುದು ನನಗೂ ಸುಲಭವಿರಲಿಲ್ಲ.

ಎರಡು ವಾರದ ನಂತರ ಅವನ ಅಮ್ಮ ಫೋನ್ ಮಾಡಿ ಇನ್ನೊಂದು ಚಿತ್ರ ಕೇಳಿದರು. 'ಬೇಡ' ಅನ್ನುವುದಕ್ಕೆ.