ಪ್ರೋಟೀನ್ ಪೌಡರ್ ಯಾವಾಗ ಕುಡಿಯಬೇಕು? ಗಡಿಯಾರ ಬಿಡಿ, ತಟ್ಟೆ ನೋಡಿ

ಬಳ್ಳಾರಿಯ ನಮ್ಮ ಜಿಮ್‌ನಲ್ಲಿ ಕೊನೆಯ ಸೆಟ್ ಮುಗಿದದ್ದೇ ತಡ, ಹುಡುಗರು ಪ್ರೋಟೀನ್ ಪೌಡರ್ ಕಲಸುವ ಶೇಕರ್ ಕಡೆ ಓಡುತ್ತಾರೆ. ಅರ್ಧ ಗಂಟೆ ದಾಟಿದರೆ ಎತ್ತಿದ ಭಾರವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನುವ ಭಯ. ನಾನೂ ಎರಡು ವರ್ಷ ಹಾಗೇ ಓಡಿದ್ದೇನೆ. ಅಷ್ಟು ಅವಸರ ಬೇಕಿರಲಿಲ್ಲ. ಕಸರತ್ತು ಮಾಡಿದ ಮೇಲೆ ಸುಮಾರು ಒಂದು ದಿನ ಸ್ನಾಯುಗಳು ಪ್ರೋಟೀನನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2013ರ ವಿಶ್ಲೇಷಣೆಯೊಂದರಲ್ಲಿ, ದಿನದ ಒಟ್ಟು ಪ್ರೋಟೀನ್ ಲೆಕ್ಕಕ್ಕೆ ಹಿಡಿದಾಗ ಸಮಯದ ಲಾಭ ಕಾಣಲೇ ಇಲ್ಲ.

ಹಾಗಾಗಿ ಮೊದಲು ತೂಕ ನೋಡಿಕೊಳ್ಳಿ. ಭಾರ ಎತ್ತುವವರಿಗೆ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 65 ಕಿಲೋ ಇದ್ದವರಿಗೆ 104 ಗ್ರಾಂ.

ಆಮೇಲೆ ಒಂದು ದಿನ ತಿಂದದ್ದನ್ನೆಲ್ಲ ಬರೆಯಿರಿ. ಅಂದಾಜು ಸಾಕು. ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಬೇಳೆ, ಸ್ವಲ್ಪ ಮೊಸರು ಸೇರಿದರೆ 20 ಗ್ರಾಂ ಆಸುಪಾಸು. ಒಂದು ಮೊಟ್ಟೆಗೆ 6, ಒಂದು ಲೋಟ ಹಾಲಿಗೆ 8, ಒಂದು ಹಿಡಿ ಶೇಂಗಾಕ್ಕೆ 7. ನಾನು ಹೀಗೆ ಬರೆದಾಗ 67 ಗ್ರಾಂ ಬಂತು. 104ಕ್ಕೆ ಕೊರತೆ 37. ಒಂದು ಸ್ಕೂಪ್ (ಡಬ್ಬಿಯೊಳಗಿನ ಅಳತೆ ಚಮಚ) ವೇ ಪೌಡರ್‌ನಲ್ಲಿ, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿಯಲ್ಲಿ, ಸಾಮಾನ್ಯವಾಗಿ 24 ಗ್ರಾಂ ಸಿಗುತ್ತದೆ. ಉಳಿದದ್ದಕ್ಕೆ ಇನ್ನೊಂದು ಮೊಟ್ಟೆ, ಒಂದು ಹಿಡಿ ಶೇಂಗಾ. ಎರಡನೇ ಸ್ಕೂಪ್ ಸುಮ್ನೆ ದುಡ್ಡು ದಂಡ.

ಈಗ ಸಮಯದ ಮಾತು. ಪಟ್ಟಿಯಲ್ಲಿ ಯಾವ ಹೊತ್ತು ಬರಿದಾಗಿದೆ? ನಮ್ಮೂರಲ್ಲಿ ಹೆಚ್ಚಾಗಿ ಬೆಳಗ್ಗೆಯೇ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಒಂದು ಚಾ. ರುಚಿಗೆ ಎರಡು ಮಾತಿಲ್ಲ, ಆದರೆ ಪ್ರೋಟೀನ್ ಬಹಳ ಕಮ್ಮಿ. ಸಂಜೆ ಜಿಮ್ ಮಾಡಿ ಎಂಟೂವರೆಗೆ ಮನೆಯಲ್ಲಿ ಮೊಟ್ಟೆ, ರೊಟ್ಟಿ, ಬೇಳೆ ಊಟ ಮಾಡುವವರಿಗೆ ಜಿಮ್ ಬಾಗಿಲಲ್ಲಿ ಶೇಕ್ ಬೇಕಿಲ್ಲ. ಅವರು ಸ್ಕೂಪನ್ನು ಬೆಳಗಿನ ತಿಂಡಿಯ ಜೊತೆಗೆ ತೆಗೆದುಕೊಂಡರೆ ಲಾಭ. ಒಂದು ಹೊತ್ತಿಗೆ 20ರಿಂದ 40 ಗ್ರಾಂ, ಮೂರ್ನಾಲ್ಕು ಗಂಟೆಗೊಮ್ಮೆ ಬಂದರೆ ಒಳ್ಳೆಯದು.

ಬೇಸಿಗೆಯಲ್ಲಿ ಲೆಕ್ಕ ತಿರುಗುತ್ತದೆ. ಬಿಸಿಲಿಗೆ ಹೆದರಿ ನಾವೆಲ್ಲ ಬೆಳಗ್ಗೆ ಐದೂವರೆಗೇ ಜಿಮ್ ಸೇರುತ್ತೇವೆ, ಅದೂ ಖಾಲಿ ಹೊಟ್ಟೆಯಲ್ಲಿ. ಹಿಂದಿನ ಊಟ ರಾತ್ರಿ ಒಂಬತ್ತಕ್ಕೆ ಆಗಿರುತ್ತದೆ. ಆಗ ಮಾತ್ರ ವ್ಯಾಯಾಮ ಮುಗಿದ ಕೂಡಲೇ ಕುಡಿಯುವುದಕ್ಕೆ ಅರ್ಥವಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರು ಗಡಿಯಾರ ನೋಡಲೇಬೇಡಿ. ಎದ್ದ ಹೊತ್ತೇ ನಿಮ್ಮ ಬೆಳಗ್ಗೆ.

ಡಬ್ಬಿ ಕೊಳ್ಳುವಾಗ ಒಂದು ಸ್ಕೂಪ್‌ಗೆ ಎಷ್ಟು ಗ್ರಾಂ ಪ್ರೋಟೀನ್ ಎಂದು ಓದಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆಯನ್ನೂ ನೋಡಿ. ಇನ್ನೊಂದು ಮಾತು: 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೊಟ್ಟ ಮಾರ್ಗಸೂಚಿ, ಮೈ ಬೆಳೆಸಲು ಇಂಥ ಪೌಡರ್ ಬೇಡ ಎಂದೇ ಹೇಳುತ್ತದೆ. ಊಟದಲ್ಲೇ ಲೆಕ್ಕ ತುಂಬುವವರು ಡಬ್ಬಿ ಮುಟ್ಟದಿದ್ದರೂ ನಡೆಯುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಕಲಸುವುದಕ್ಕೆ ನೀರು ಅಥವಾ ತಣ್ಣನೆಯ ಹಾಲು ಸಾಕು. ಕುದಿಯುವ ಹಾಲಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಪುಡಿಯನ್ನು ಒಣಗಿದ್ದಂತೆಯೇ ಒಯ್ದು, ಕುಡಿಯುವಾಗ ನೀರು ಹಾಕಿಕೊಳ್ಳಿ. ಒಮ್ಮೆ ನಾನು ಬೆಳಗ್ಗೆ ಕಲಸಿದ್ದನ್ನು ಮೇ ತಿಂಗಳ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲೇ ಮರೆತು, ಸಂಜೆ ಮುಚ್ಚಳ ತೆಗೆದೆ. ಆ ಶೇಕರನ್ನು ತೊಳೆಯಲೂ ಮನಸ್ಸು ಬರಲಿಲ್ಲ, ಬಿಸಾಡಿದೆ.