ಯುದ್ಧ ಕಂಡವರ ದನಿಯನ್ನು ಉಳಿಸುವುದು ಹೇಗೆ

ಮೊದಲ ಭೇಟಿಗೆ ರೆಕಾರ್ಡರ್ ಒಯ್ಯಬೇಡಿ. ಯುದ್ಧದಲ್ಲಿ ಹೋರಾಡಿದವರ, ಯುದ್ಧದಿಂದ ಪಾರಾಗಿ ಬಂದವರ ನೆನಪುಗಳನ್ನು ದಾಖಲಿಸಲು ಹೊರಟ ಎಲ್ಲರಿಗೂ ನಾನು ಮೊದಲು ಹೇಳುವ ಮಾತು ಇದು. ಆ ದಿನ ಸುಮ್ನೆ ಕೂತು ಮಾತಾಡಿ. ನೀವು ಯಾರು, ಈ ದನಿ ಎಲ್ಲಿಗೆ ಹೋಗುತ್ತದೆ, ಯಾರು ಕೇಳುತ್ತಾರೆ ಅನ್ನುವುದನ್ನು ಬಿಡಿಸಿ ಹೇಳಿ. ಹಳೇ ಫೋಟೊ, ಪತ್ರ, ಪದಕ ಇದ್ದರೆ ಮುಂದಿನ ಸಲಕ್ಕೆ ತೆಗೆದಿಡಿ ಅಂತ ಕೇಳಿಕೊಳ್ಳಿ. ಹಳೇ ಪೆಟ್ಟಿಗೆ ತೆರೆದವರು ಎರಡನೇ ಭೇಟಿಯ ಹೊತ್ತಿಗೆ ಅರ್ಧ ದಾರಿ ನಡೆದಿರುತ್ತಾರೆ.

ಒಪ್ಪಿಗೆ ಪತ್ರದ ವಿಷಯದಲ್ಲಿ ಅವಸರ ಬೇಡ. 'ಒಪ್ಪಿದ್ದೇನೆ' ಅಂತ ಒಂದೇ ಸಾಲಿನ ಸಹಿ ಸಾಲದು. ಈಗಲೇ ಎಲ್ಲರೂ ಕೇಳಬಹುದೇ? ಸಂಶೋಧಕರು ಮಾತ್ರವೇ? ಇಷ್ಟು ವರ್ಷ ಕಳೆದ ಮೇಲೆಯೇ? ಹೆಸರು ಇರಬೇಕೇ, ಬೇಡವೇ? ಅವರು ತೀರಿಕೊಂಡ ಮೇಲೆ ತೀರ್ಮಾನ ಯಾರದು? ಒಂದೊಂದನ್ನೂ ಬೇರೆಯಾಗಿ ಕೇಳಿ, ಬೇರೆಯಾಗಿ ಬರೆಸಿಕೊಳ್ಳಿ. ಮಾತು ಮುಗಿದ ಮೇಲೆ ಇನ್ನೊಮ್ಮೆ ಕೇಳಿ. ಏನು ಹೇಳಿದೆವು ಅನ್ನುವುದು ಅವರಿಗೂ ಗೊತ್ತಾಗುವುದು ಆಗಲೇ ಅಲ್ವಾ?

ನಿಮ್ಮ ಕೈಯಲ್ಲಿಲ್ಲದ ಭರವಸೆ ಮಾತ್ರ ಕೊಡಬೇಡಿ. ಬಾಸ್ಟನ್ ಕಾಲೇಜಿನ ಬೆಲ್‌ಫಾಸ್ಟ್ ಯೋಜನೆ 2001ರಿಂದ ಉತ್ತರ ಐರ್ಲೆಂಡಿನ ಮಾಜಿ ಸಶಸ್ತ್ರ ಹೋರಾಟಗಾರರ ಮಾತುಗಳನ್ನು ದಾಖಲಿಸಿತು. ಬದುಕಿರುವ ತನಕ ಇದು ಹೊರಬರುವುದಿಲ್ಲ ಅಂತ ಅವರು ನಂಬಿದ್ದರು. 2011ರಲ್ಲಿ ಕೊಲೆ ತನಿಖೆಗೆ ಬೇಕೆಂದು ಆ ಟೇಪ್‌ಗಳಿಗೆ ಸಮನ್ಸ್ ಬಂತು. ಕಾಲೇಜು ನ್ಯಾಯಾಲಯದಲ್ಲಿ ಹೋರಾಡಿದರೂ ಕೊನೆಗೆ ಕೆಲವನ್ನು ಪೊಲೀಸರಿಗೆ ಕೊಡಬೇಕಾಯಿತು. ಹಾಗಾಗಿ 'ಯಾರಿಗೂ ಸಿಗುವುದಿಲ್ಲ' ಅನ್ನುವ ಮಾತನ್ನು ನಾನು ಎಂದೂ ಹೇಳುವುದಿಲ್ಲ. 'ಕಾನೂನು ಬಿಟ್ಟಷ್ಟು ಕಾಪಾಡುತ್ತೇನೆ' ಅನ್ನುತ್ತೇನೆ. ಅಪರಾಧದ ಕಥೆ ಬರುವ ಸೂಚನೆ ಇದ್ದರೆ ಮೊದಲೇ ವಕೀಲರೊಬ್ಬರನ್ನು ಕಾಣುವುದು ಒಳ್ಳೆಯದು.

ಸಲಕರಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಫ್ಯಾನ್, ಫ್ರಿಜ್, ಗೋಡೆ ಗಡಿಯಾರದ ಸದ್ದು ನಿಲ್ಲಿಸಿ. ದನಿಯ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಇರಲಿ. 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲ್ (ದನಿಯನ್ನು ಕುಗ್ಗಿಸದೆ ಇಡುವ ಬಗೆ) ಆಗಿಯೇ ರೆಕಾರ್ಡ್ ಮಾಡಿ. ಒಂದೇ ಚಾನೆಲ್ ಆದರೆ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ, ಈಗಿನ ಕಾಲಕ್ಕೆ ಅದೇನೂ ದೊಡ್ಡದಲ್ಲ. ಎಂಪಿ3 ಮಾಡುವುದು ಕೇಳುವ ಪ್ರತಿಗೆ ಮಾತ್ರ. ಹೆಡ್‌ಫೋನ್ ಹಾಕಿ ಶುರುವಿನ ಎರಡು ನಿಮಿಷ ಕೇಳಿ ನೋಡಿದ ಮೇಲೆಯೇ ಮುಂದುವರಿಯಿರಿ.

ಇನ್ನು ಮಾತು. ಯುದ್ಧದಿಂದ ಶುರು ಮಾಡಬೇಡಿ. ಬಾಲ್ಯ, ಮನೆ, ಶಾಲೆ, ಮೊದಲ ಕೆಲಸ, ಅಲ್ಲಿಂದ ಬನ್ನಿ. ಕಳೆದುಹೋದದ್ದು ಏನು ಅಂತ ತಿಳಿಯಬೇಕಾದರೆ ಮೊದಲು ಏನಿತ್ತು ಅನ್ನುವುದು ಗೊತ್ತಿರಬೇಕು. 'ನಿಮಗೆ ಭಯ ಆಗಿತ್ತಾ?' ಅಂತ ಕೇಳಿದರೆ 'ಹೌದು' ಅಂತಾರೆ, ಅಲ್ಲಿಗೆ ಮಾತು ಮುಗಿಯಿತು. 'ಮನೆ ಬಿಡುವಾಗ ಕೈಯಲ್ಲಿ ಏನಿತ್ತು?' 'ಕಾಲಿಗೆ ಏನು ಹಾಕಿಕೊಂಡಿದ್ದಿರಿ?' 'ರಾತ್ರಿ ಎಲ್ಲಿ ಮಲಗುತ್ತಿದ್ದಿರಿ, ಪಕ್ಕದಲ್ಲಿ ಯಾರಿದ್ದರು?' ಇಂಥ ಪ್ರಶ್ನೆಗಳು ಜನರನ್ನು ಆ ಜಾಗಕ್ಕೇ ಕರೆದೊಯ್ಯುತ್ತವೆ. ಒಬ್ಬ ನಿವೃತ್ತ ಸೈನಿಕರು ಗುಂಡಿನ ಕಾಳಗದ ಬಗ್ಗೆ ನಾಲ್ಕು ಮಾತಿನಲ್ಲಿ ಮುಗಿಸಿದ್ದರು. ಬೂಟಿನ ಬಗ್ಗೆ ಕೇಳಿದ ಮೇಲೆ, ಒದ್ದೆ ಬೂಟು ಬಿಚ್ಚಲಾಗದೆ ನರಳಿದ ಗೆಳೆಯನ ಕಥೆ ಬಂತು. ಆಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಒಂದು ಹಾಳೆ, ಪೆನ್ಸಿಲ್ ಕೂಡ ಇಟ್ಟುಕೊಳ್ಳಿ. ಕಂದಕ ಎಲ್ಲಿತ್ತು, ಬಾವಿ ಎಲ್ಲಿತ್ತು, ಯಾವ ಕಡೆ ಓಡಿದಿರಿ ಅಂತ ಅವರ ಕೈಯಿಂದಲೇ ಬಿಡಿಸಿ. ಮುಂದೆ ನಕ್ಷೆ ಮಾಡುವಾಗ ಆ ಹಾಳೆಗೆ ಬೆಲೆ ಕಟ್ಟಲಾಗದು.

ಅವರು ಮಾತು ನಿಲ್ಲಿಸಿದಾಗ ನೀವೂ ಸುಮ್ಮನಿರಿ. ಹತ್ತು ಸೆಕೆಂಡ್ ಮೌನ ಹತ್ತು ನಿಮಿಷದಂತೆ ಅನ್ನಿಸುತ್ತದೆ. ಪ್ರಶ್ನೆ ಹಾಕಿ ಅದನ್ನು ತುಂಬಿಸಬೇಕು ಅನ್ನಿಸುತ್ತದೆ. ತುಂಬಿಸಬೇಡಿ. ಆ ಹೊತ್ತಿನಲ್ಲಿ ಅವರು ಹೇಳಬೇಕೋ ಬೇಡವೋ ಅಂತ ತೂಗುತ್ತಿರುತ್ತಾರೆ. ತೀರ್ಮಾನ ಅವರದೇ ಆಗಲಿ. ಕಣ್ಣೀರು ಬಂದರೆ 'ನಿಲ್ಲಿಸೋಣವೇ?' ಅಂತ ಕೇಳಿ, ಅವರು ಹೇಳಿದಂತೆ ಮಾಡಿ. ಕಷ್ಟದ ಕಥೆಯ ಬೆನ್ನಿಗೇ ಮೈಕ್ ಸುತ್ತಿಕೊಂಡು ಎದ್ದು ಹೋಗುವುದು ಸರಿಯಲ್ಲ. ಯುದ್ಧ ಮುಗಿದ ಮೇಲಿನ ಬದುಕಿನ ಬಗ್ಗೆ ಕೇಳುತ್ತಾ ಅವರನ್ನು ಇವತ್ತಿಗೆ ಕರೆತನ್ನಿ. ಮರುದಿನ ಒಂದು ಫೋನ್ ಮಾಡಿ. ಹಿಂದಿನ ರಾತ್ರಿ ಹೇಗೆ ಕಳೆಯಿತೋ ನಿಮಗೆ ಗೊತ್ತಿರುವುದಿಲ್ಲ.

ನೆನಪು ತಪ್ಪಿದ್ದರೆ ತಿದ್ದಬೇಕೇ? ನಾಜಿಗಳ ಮರಣ ಶಿಬಿರವಾದ ಆಶ್ವಿಟ್ಜ್‌ನಲ್ಲಿ 1944ರ ಅಕ್ಟೋಬರ್‌ನಲ್ಲಿ ಕೈದಿಗಳು ದಂಗೆ ಎದ್ದರು. ಅದನ್ನು ಕಂಡ ಮಹಿಳೆಯೊಬ್ಬರು, ಹೆಣ ಸುಡುವ ಕಟ್ಟಡಗಳ ನಾಲ್ಕು ಹೊಗೆ ಕೊಳವೆಗಳು ಸಿಡಿದು ಉರಿದವು ಅಂತ ಹೇಳಿದರು. ನಿಜಕ್ಕೂ ಸಿಡಿದದ್ದು ಒಂದೇ. ಇತಿಹಾಸಕಾರರು ಆ ಸಾಕ್ಷ್ಯವನ್ನು ನಂಬಲಾಗದು ಅಂದರು. ಯೇಲ್ ವಿಶ್ವವಿದ್ಯಾಲಯದ ಸಾಕ್ಷ್ಯ ಸಂಗ್ರಹ ಕಟ್ಟಿದವರಲ್ಲಿ ಒಬ್ಬರಾದ ಮನೋವೈದ್ಯ ಡೋರಿ ಲಾಬ್ ಒಪ್ಪಲಿಲ್ಲ. ಊಹಿಸಲೂ ಆಗದ ಒಂದು ಪ್ರತಿರೋಧವನ್ನು ಕಂಡೆ ಅನ್ನುವುದು ಆಕೆಯ ಸಾಕ್ಷ್ಯ ಅಂದರು. ನನಗೆ ಇತಿಹಾಸಕಾರರ ಮಾತೂ ಬೇಕು, ಲಾಬ್ ಮಾತೂ ಬೇಕು. ದನಿಯನ್ನೂ ಬರಹವನ್ನೂ ಇದ್ದ ಹಾಗೇ ಬಿಡಿ. ದಿನಾಂಕ, ಸಂಖ್ಯೆ ದಾಖಲೆಗಳ ಜೊತೆ ಹೊಂದದಿದ್ದರೆ ಅದನ್ನು ಬೇರೆ ಟಿಪ್ಪಣಿಯಲ್ಲಿ, ನಿಮ್ಮ ಹೆಸರಿನಲ್ಲಿ ಬರೆಯಿರಿ.

ಬರಹಕ್ಕೆ ಇಳಿಸುವಾಗ ಎಚ್ಚರ. 2022ರಲ್ಲಿ ಬಂದ ವಿಸ್ಪರ್‌ನಂಥ ತಂತ್ರಾಂಶಗಳು ಮಾತನ್ನು ಕ್ಷಣದಲ್ಲಿ ಅಕ್ಷರ ಮಾಡಿಕೊಡುತ್ತವೆ. ಮೊದಲ ಕರಡಿಗೆ ನಾನೂ ಬಳಸುತ್ತೇನೆ. ಆದರೆ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಮಾರು ಶೇ. 1ರಷ್ಟು ಆಡಿಯೊ ತುಣುಕುಗಳಲ್ಲಿ ವಿಸ್ಪರ್ ಯಾರೂ ಆಡದ ಮಾತುಗಳನ್ನು ಸೇರಿಸಿತ್ತು. ಮಾತಿನ ನಡುವೆ ಜಾಸ್ತಿ ಹೊತ್ತು ನಿಲ್ಲಿಸುವವರಲ್ಲಿ ಈ ಅಪಾಯ ಹೆಚ್ಚು. ಹಾಗೆ ಸೇರಿಸಿದ ಮಾತುಗಳಲ್ಲಿ ಹಿಂಸೆಯ ವಾಕ್ಯಗಳೂ ಇದ್ದವು. ನಾವು ಕಾಪಾಡಬೇಕಾದ ಮೌನದ ಜಾಗದಲ್ಲೇ ಯಂತ್ರ ಕಥೆ ಕಟ್ಟಿದರೆ ಹೇಗೆ? ಯುದ್ಧದ ಸಾಕ್ಷ್ಯದಲ್ಲಿ ಅಂಥ ಒಂದು ಸುಳ್ಳು ವಾಕ್ಯ ಯಾರದೋ ಮೇಲಿನ ಆರೋಪವೇ ಆಗಿಬಿಡಬಹುದು. ಹಾಗಾಗಿ ಕರಡನ್ನು ಮುಂದಿಟ್ಟುಕೊಂಡು ಪೂರ್ತಿ ದನಿಯನ್ನು ಕೇಳಲೇಬೇಕು. ಮೌನವನ್ನು 'ಮೌನ, 14 ಸೆಕೆಂಡ್' ಅಂತಲೇ ಬರೆಯಿರಿ. ಅಳು, ನಗು, ನಿಟ್ಟುಸಿರು ಬರೆಯಿರಿ. ಆಡುಮಾತನ್ನು ಪುಸ್ತಕದ ಭಾಷೆಗೆ ತಿದ್ದಬೇಡಿ. ಇನ್ನೊಂದು, ತಂತ್ರಾಂಶವನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಹಾಕಿಕೊಂಡು ನಡೆಸಿ. ಒಪ್ಪಿಗೆ ಇಲ್ಲದೆ ಯಾವುದೋ ಆನ್‌ಲೈನ್ ಸೇವೆಗೆ ದನಿ ಕಳಿಸಿದರೆ ಅದು ನಂಬಿಕೆದ್ರೋಹ.

ಮೂರು ಗಂಟೆಯ ದನಿಯನ್ನು ಯಾರೂ ಸುಮ್ಮನೆ ಕೇಳುವುದಿಲ್ಲ, ಅದಕ್ಕೆ ಸೂಚಿ ಬೇಕು. ಯೆಹೂದ್ಯರ ನರಮೇಧದಿಂದ ಬದುಕುಳಿದವರ ಮಾತುಗಳನ್ನು ದಾಖಲಿಸಲು 1994ರಲ್ಲಿ ಶುರುವಾದ ಶೋವಾ ಫೌಂಡೇಶನ್ ತನ್ನ ಸಾಕ್ಷ್ಯಗಳನ್ನು ಒಂದೊಂದು ನಿಮಿಷದ ತುಣುಕುಗಳಾಗಿ ವಿಷಯಪದಗಳಿಗೆ ಜೋಡಿಸಿದೆ. ನಿಮ್ಮಿಂದ ಅಷ್ಟು ಆಗದಿದ್ದರೂ ಮಾತು ತಿರುಗುವ ಕಡೆಯಲ್ಲೆಲ್ಲ ಸಮಯ, ಒಂದು ಸಾಲಿನ ಸಾರ, ಜಾಗ, ವಿಷಯ ಬರೆದಿಡಿ. ಕೆಂಟಕಿ ವಿಶ್ವವಿದ್ಯಾಲಯ ಮಾಡಿದ ಓಎಚ್‌ಎಂಎಸ್ ಅನ್ನುವ ಉಚಿತ ಸಾಧನದಲ್ಲಿ ಆ ಸಾಲನ್ನು ಒತ್ತಿದರೆ ದನಿ ಅಲ್ಲಿಂದಲೇ ಶುರುವಾಗುತ್ತದೆ. ಊರಿನ ಹೆಸರನ್ನು ಮೂರು ರೀತಿ ಬರೆಯಿರಿ: ಅವರು ಹೇಳಿದ್ದು, ಆಗಿನ ನಕ್ಷೆಯಲ್ಲಿದ್ದದ್ದು, ಈಗಿನದು. ಯುದ್ಧ ಗಡಿಗಳನ್ನೂ ಹೆಸರುಗಳನ್ನೂ ಬದಲಿಸುತ್ತದೆ. ಈಗಿನ ಹೆಸರಿನಿಂದ ಹುಡುಕುವವರಿಗೆ ಹಳೇ ಹೆಸರು ಸಿಗದೇ ಹೋಗುತ್ತದೆ.

ಡೇವಿಡ್ ಬೋಡರ್ ಅನ್ನುವ ಮನಶ್ಶಾಸ್ತ್ರಜ್ಞ 1946ರಲ್ಲಿ ಯುರೋಪಿನ ನಿರಾಶ್ರಿತರ ಮಾತುಗಳನ್ನು ಉಕ್ಕಿನ ತಂತಿಯ ಮೇಲೆ ದಾಖಲಿಸಿದರು. ಇವತ್ತು ಅವು ಅಂತರ್ಜಾಲದಲ್ಲಿ ಕೇಳಸಿಗುತ್ತವೆ. ತಂತಿಯಿಂದ ಹೊಸ ಮಾಧ್ಯಮಕ್ಕೆ ದಾಟಿಸುವವರು ಇದ್ದದ್ದರಿಂದ ಅವು ಉಳಿದವು. ನಿಮ್ಮ ಫೈಲ್‌ಗಳಿಗೂ ಅಂಥವರು ಬೇಕು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಪ್ರತಿ ಫೈಲಿನ ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಗುರುತು) ಬರೆದಿಟ್ಟು ವರ್ಷಕ್ಕೊಮ್ಮೆ ಹೋಲಿಸಿ. ಒಂದು ಬಿಟ್ ಕೆಟ್ಟಿದ್ದರೂ ತಿಳಿಯುತ್ತದೆ, ಒಳ್ಳೆಯ ಪ್ರತಿಯಿಂದ ಸರಿ ಮಾಡಬಹುದು. ಫೈಲ್ ಹೆಸರಿನಲ್ಲಿ ವ್ಯಕ್ತಿಯ ಹೆಸರು ಬೇಡ, ದಿನಾಂಕ ಮತ್ತು ಸಂಖ್ಯೆ ಸಾಕು. ಸಾಧ್ಯವಾದರೆ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಒಂದು ಪ್ರತಿ ಒಪ್ಪಿಸಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2000ದಿಂದ ನಡೆಸುತ್ತಿರುವ ನಿವೃತ್ತ ಸೈನಿಕರ ಸಂಗ್ರಹಕ್ಕೆ ಸಾಮಾನ್ಯ ಜನರೇ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಕನಿಷ್ಠ 30 ನಿಮಿಷ ಇರಬೇಕು, ಕತ್ತರಿ ಹಾಕಿರಬಾರದು ಅನ್ನುವುದು ಅಲ್ಲಿನ ನಿಯಮ.

ಪ್ರಕಟಿಸುವ ಮೊದಲು ದನಿಯ ಒಡೆಯರಿಗೆ ಕೇಳಿಸಿ. ಯಾವ ಭಾಗ ಮುಚ್ಚಬೇಕು ಅಂತಾರೋ ಅದನ್ನು ಮುಚ್ಚಿ. ಮಾತಿನಲ್ಲಿ ಬಂದ ಬೇರೆಯವರು ಒಪ್ಪಿಗೆ ಕೊಟ್ಟಿರುವುದಿಲ್ಲ, ಅವರ ಹೆಸರುಗಳನ್ನೂ ನೋಡಿ. ಪುಟದಲ್ಲಿ ದನಿ ಮೇಲಿರಲಿ, ಬರಹ ಕೆಳಗಿರಲಿ. ಹಿಂಸೆಯ ವಿವರ ಬರುವ ತುಣುಕಿಗೆ ಮುನ್ಸೂಚನೆ ಹಾಕಿ. ಪ್ರತಿ ಪುಟದಲ್ಲೂ ಸಂಪರ್ಕ ವಿಳಾಸ ಇರಲಿ. ಮೊಮ್ಮಕ್ಕಳು ಬರೆಯುತ್ತಾರೆ. 'ಆ ಗೆಳೆಯ ನಮ್ಮ ಅಜ್ಜ' ಅಂತ ಯಾರೋ ಬರೆಯುತ್ತಾರೆ. 'ದಯವಿಟ್ಟು ತೆಗೆಯಿರಿ' ಅಂತಲೂ ಬರೆಯುತ್ತಾರೆ. ಆ ಪತ್ರಗಳಿಗೆ ಉತ್ತರ ಕೊಡುವವರು ಯಾರು, ನಿಮ್ಮ ನಂತರ ಯಾರು ಅನ್ನುವುದನ್ನು ಪುಟ ತೆರೆಯುವ ಮೊದಲೇ ಗೊತ್ತು ಮಾಡಿಕೊಳ್ಳಿ.