ಕಂಕುಳ ಕೂಸಿನೊಂದಿಗೆ ವಿಮಾನ ಪ್ರಯಾಣ: ಹೊಸಬರಿಗೆ ಮಾರ್ಗದರ್ಶಿ

ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಲು ಬಹುತೇಕ ವಿಮಾನ ಸಂಸ್ಥೆಗಳು ಬಿಡುತ್ತವೆ. ಹಾಗೆಂದು ಟಿಕೆಟ್ಟೇ ಬೇಡವೆಂದಲ್ಲ. ದೇಶದಿಂದ ದೇಶಕ್ಕೆ ಹೋಗುವಾಗ ಕೂಸಿನ ಹೆಸರಿನಲ್ಲೂ ಟಿಕೆಟ್ ಇರಬೇಕು, ಪಾಸ್‌ಪೋರ್ಟ್ ಅದರದ್ದೇ ಇರಬೇಕು. ಹೋಗುವಾಗ ಎರಡು ತುಂಬಿರದ ಮಗುವಿಗೆ ಬರುವಷ್ಟರಲ್ಲಿ ತುಂಬುವುದಾದರೆ, ವಾಪಸ್ ಪ್ರಯಾಣಕ್ಕೆ ಸಾಮಾನ್ಯವಾಗಿ ಸೀಟು ಕೊಳ್ಳಲೇಬೇಕಾಗುತ್ತದೆ. ಬುಕ್ ಮಾಡುವ ಮೊದಲೇ ತಾರೀಖು ಲೆಕ್ಕಹಾಕಿ ನೋಡಿ. ಅಪ್ಪ ಅಥವಾ ಅಮ್ಮ ಒಬ್ಬರೇ ಮಗುವಿನೊಂದಿಗೆ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರಲಿ. ಕೆಲವು ದೇಶಗಳಲ್ಲಿ ಕೇಳುತ್ತಾರೆ.

ದುಡ್ಡಿಗೆ ತೀರಾ ತೊಂದರೆಯಿಲ್ಲದಿದ್ದರೆ ಮಗುವಿಗೆ ಬೇರೆ ಸೀಟು ಕೊಳ್ಳಿ ಎನ್ನುವುದೇ ನಮ್ಮ ಸಲಹೆ. ವಿಮಾನ ಇದ್ದಕ್ಕಿದ್ದಂತೆ ಜೋರಾಗಿ ಕುಲುಕಿದಾಗ ಎಷ್ಟೇ ಗಟ್ಟಿಯಾಗಿ ಹಿಡಿದಿದ್ದರೂ ಮಗು ಕೈಜಾರಬಹುದು. ವಿಮಾನದಲ್ಲಿ ಬಳಸಬಹುದು ಎಂಬ ಚೀಟಿ ಅಂಟಿಸಿರುವ ಕಾರ್ ಸೀಟನ್ನು ಒಯ್ದು ಅದರಲ್ಲಿ ಕೂರಿಸುವುದು ಎಲ್ಲಕ್ಕಿಂತ ಕ್ಷೇಮ. ಅದರ ಅಗಲ ವಿಮಾನದ ಸೀಟಿಗೆ ಹೊಂದುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಬ್ಯಾಸಿನೆಟ್, ಅಂದರೆ ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು, ದೂರದ ವಿಮಾನಗಳಲ್ಲಿ ಕೆಲವೇ ಕೆಲವು ಇರುತ್ತವೆ. ಟಿಕೆಟ್ ಆದ ದಿನವೇ ಫೋನ್ ಮಾಡಿ ಕೇಳಿ. ತೂಕದ ಮಿತಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಸೀಟ್ ಬೆಲ್ಟ್ ದೀಪ ಹತ್ತಿದರೆ ನಿದ್ದೆ ಮಾಡುತ್ತಿರುವ ಮಗುವನ್ನೂ ಅದರಿಂದ ಎತ್ತಿಕೊಳ್ಳಬೇಕಾಗುತ್ತದೆ, ಇದಕ್ಕೆ ಮನಸ್ಸು ಸಿದ್ಧವಿರಲಿ.

ಭದ್ರತಾ ತಪಾಸಣೆಯಲ್ಲಿ 100 ಮಿಲಿಲೀಟರ್ ದ್ರವದ ಮಿತಿ ಇರುವ ಕಡೆಯೂ ಮಗುವಿನ ಹಾಲು, ಔಷಧಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ. ಚೀಲದಿಂದ ತೆಗೆದು ಬೇರೆ ಇಟ್ಟು, ನೀವೇ ಮೊದಲು ಹೇಳಿಬಿಡಿ.

ಇನ್ನು ಕಿವಿಯ ವಿಷಯ. ಹೆಚ್ಚಿನ ಹೆತ್ತವರು ವಿಮಾನ ಏರುವ ಹೊತ್ತಿಗೆ ಹೆದರುತ್ತಾರೆ. ಆದರೆ ನೋವು ಜಾಸ್ತಿಯಾಗುವುದು ಇಳಿಯುವಾಗ. ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು. ಕೆಳಗೆ ಬರುತ್ತಿದ್ದಂತೆ ಕಿವಿಯ ಹೊರಗಿನ ಒತ್ತಡ ಏರುತ್ತದೆ, ಕಿವಿಯ ಪರದೆ ಒಳಕ್ಕೆ ಒತ್ತಿಕೊಳ್ಳುತ್ತದೆ. ನಡುಗಿವಿಯಿಂದ ಗಂಟಲಿಗೆ ಹೋಗುವ ಸಣ್ಣ ನಾಳ ತೆರೆದರೆ ಎರಡೂ ಕಡೆ ಸಮವಾಗುತ್ತದೆ. ಕೂಸುಗಳಲ್ಲಿ ಅದು ಇನ್ನೂ ಕಿರಿದು. ನುಂಗಿದಾಗ ನಾಳ ತೆರೆಯುತ್ತದೆ. ಆದ್ದರಿಂದ ಮೊಲೆಹಾಲು, ಬಾಟಲಿ ಅಥವಾ ಚೀಪುವ ನಿಪ್ಪಲ್ಲನ್ನು ಈ ಹೊತ್ತಿಗೆಂದೇ ಉಳಿಸಿಕೊಳ್ಳಿ. ಇಳಿಯುವಿಕೆ ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮುಂಚೆಯೇ ಶುರುವಾಗುತ್ತದೆ. ನಿದ್ದೆಯಲ್ಲಿ ನುಂಗುವುದು ಕಡಿಮೆ, ಹಾಗಾಗಿ ಮಗುವನ್ನು ಎಬ್ಬಿಸಿ. ಪಾಪ ಮಲಗಿದೆ ಎಂದು ಬಿಟ್ಟರೆ ನೋವಿನಿಂದಲೇ ಏಳುತ್ತದೆ. ಅತ್ತರೂ ಗಾಬರಿ ಬೇಡ, ಅಳುವಾಗಲೂ ನಾಳ ತೆರೆಯುತ್ತದೆ. ನೆಗಡಿ ಅಥವಾ ಕಿವಿಸೋಂಕು ಇದ್ದರೆ ಹೊರಡುವ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ.

ಮಲಗಲಿ ಎಂದು ಅಲರ್ಜಿ ಔಷಧಿ ಕುಡಿಸುವವರಿದ್ದಾರೆ. ದಯವಿಟ್ಟು ಬೇಡ. ಕೆಲವು ಮಕ್ಕಳಿಗೆ ಅದರಿಂದ ನಿದ್ದೆಯ ಬದಲು ಚಡಪಡಿಕೆ ಹೆಚ್ಚುತ್ತದೆ, ತೀರಾ ಚಿಕ್ಕ ಮಕ್ಕಳಲ್ಲಿ ಉಸಿರಾಟಕ್ಕೂ ತೊಂದರೆಯಾಗಬಹುದು.

ನಡೆಯಲು ಕಲಿತ ಮಗುವಾದರೆ ಕಿಟಕಿಯ ಕಡೆ ಕೂರಿಸಿ. ನಡುದಾರಿಯ ಬದಿ ಕೂತರೆ ಊಟ-ತಿಂಡಿ ತರುವ ತಳ್ಳುಗಾಡಿಗೆ ಕೈಕಾಲು ಸಿಕ್ಕಿಕೊಳ್ಳುತ್ತದೆ. ಮಗು ತೊಡೆಯ ಮೇಲಿರುವಾಗ ಬಿಸಿ ಕಾಫಿ, ಚಹಾ ತೆಗೆದುಕೊಳ್ಳಬೇಡಿ. ಡಯಾಪರ್ ಪ್ರಯಾಣದ ಅವಧಿಗಿಂತ ಅರ್ಧದಿನದಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ, ವಿಮಾನ ತಡವಾಗುವುದುಂಟು. ಮಗುವಿಗೆ ಒಂದೆರಡು ಜೊತೆ ಬಟ್ಟೆ ಎಲ್ಲರೂ ಇಟ್ಟುಕೊಳ್ಳುತ್ತಾರೆ, ಎತ್ತಿಕೊಳ್ಳುವವರಿಗೂ ಒಂದು ಅಂಗಿ ಕೈಚೀಲದಲ್ಲಿರಲಿ.